ಕಿಟಕಿ ಮೇಲಿಂದ ತೊಟ್ಟಿಕ್ಕಿದ ನೀರು, 15,000 ಡಾಲರ್ ಬಿಲ್ಲು: ಏಸಿ-ಫರ್ನೇಸ್ ಬದಲಿಸುವ ಖರ್ಚಿಗೆ ತಯಾರಾಗುವುದು ಹೇಗೆ

ನಮ್ಮ ಅಡುಗೆಮನೆ ಕಿಟಕಿಯ ಮೇಲೆ ಗೋಡೆಯಿಂದ ಒಂದು ಬಿಳಿ ಪೈಪು ಗೇಣುದ್ದ ಹೊರಗೆ ಚಾಚಿಕೊಂಡಿದೆ. ಒಂಬತ್ತು ವರ್ಷ ಅದೇ ಮನೆಯಲ್ಲಿದ್ದರೂ ಅದು ಯಾಕಿದೆ ಅಂತ ನಾವು ಯಾರನ್ನೂ ಕೇಳಿರಲಿಲ್ಲ. 2025ರ ಜೂನ್ ಕೊನೆಯಲ್ಲಿ ಅದರಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಮೊದಲು ನೋಡಿದ್ದು ದಾವಣಗೆರೆಯಿಂದ ಬಂದಿದ್ದ ಅಮ್ಮ. ನೋಡಿ ಸುಮ್ಮನಿರಲಿಲ್ಲ, ಕರಿಬೇವಿನ ಕುಂಡ ತಂದು ಸರಿಯಾಗಿ ಅದರ ಕೆಳಗೇ ಇಟ್ಟರು. "ಸುಮ್ನೆ ಹೋಗೋ ನೀರು, ಗಿಡಕ್ಕಾದ್ರೂ ಆಗ್ಲಿ" ಅಂದರು. ಹದಿನೈದು ದಿನ ಕರಿಬೇವು ಚೆನ್ನಾಗಿ ಚಿಗುರಿತು. ಅದಾದ ಮೇಲೆ ಬಂದ ಶನಿವಾರ ಸಂಜೆ ಕೆಳಮಹಡಿಯ ಏಸಿ ನಿಂತುಹೋಯಿತು.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್‌ಗೆ ಉತ್ತರದ ಫ್ರಿಸ್ಕೋದಲ್ಲಿ. ಅವತ್ತು ಹೊರಗೆ 103 ಡಿಗ್ರಿ ಫ್ಯಾರನ್‌ಹೀಟ್. ರಾತ್ರಿ ಒಂಬತ್ತಕ್ಕೆ ಮನೆಯೊಳಗೆ 91. "ದಾವಣಗೆರೆ ಬಿಸಿಲು ಕಂಡೋರಿಗೆ ಇದೇನು ಮಹಾ" ಅಂತ ಅಮ್ಮ ಮೊದಲು ನಕ್ಕರು. ಆದರೆ ಅಲ್ಲಿನ ಮನೆಗೆ ಎತ್ತರದ ಸೂರಿತ್ತು, ಗವಾಕ್ಷಿ ಇತ್ತು, ಎದುರುಬದುರು ಬಾಗಿಲಿತ್ತು. ಇಲ್ಲಿನ ಮನೆ ಮುಚ್ಚಿದ ಡಬ್ಬಿ. ಏಸಿ ಇದೆ ಅನ್ನೋ ನಂಬಿಕೆ ಮೇಲೇ ಕಟ್ಟಿರೋದು. ಹತ್ತು ಗಂಟೆ ಹೊತ್ತಿಗೆ ಅಮ್ಮನೂ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತರು.

ಎಲ್ಲ ಮುಗಿದಾಗ ಖರ್ಚಾಗಿದ್ದು 14,989 ಡಾಲರ್. ಅದರಲ್ಲಿ ಎಷ್ಟನ್ನು ತಪ್ಪಿಸಬಹುದಿತ್ತು, ಎಷ್ಟನ್ನು ತಪ್ಪಿಸಿದೆವು, ಇನ್ನೊಂದು ಮೆಷಿನ್‌ಗೆ ಈಗ ಹೇಗೆ ದುಡ್ಡು ಕೂಡಿಡುತ್ತಿದ್ದೇವೆ ಅನ್ನುವುದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಸ್ವಂತ ಮನೆ ತಗೊಂಡಿರುವ ನಮ್ಮವರಿಗೆ ಇದು ಇವತ್ತಲ್ಲ ನಾಳೆ ಎದುರಾಗುವ ಖರ್ಚು.

ಗರಜಿದ್ದವರು ಚೀಟಿ ಎತ್ತುವ ರೀತಿ

ನಾನು ಚಿಕ್ಕವಳಿದ್ದಾಗ ಅಮ್ಮ ಇಪ್ಪತ್ತು ಜನರ ಚೀಟಿ ನಡೆಸುತ್ತಿದ್ದರು. ತಿಂಗಳಿಗೆ ತಲಾ 500 ರೂಪಾಯಿ, 10,000ದ ಚೀಟಿ. ಕೂಗು ನಡೆಯುವಾಗ ನಾನು ಮಂಡಕ್ಕಿ ತಿನ್ನುತ್ತಾ ಮೂಲೆಯಲ್ಲಿ ಕೂತಿರುತ್ತಿದ್ದೆ. ಮಗಳ ಮದುವೆಯೋ ಆಸ್ಪತ್ರೆಯೋ ಇದ್ದವರು 10,000ದ ಚೀಟಿಯನ್ನು 7,000ಕ್ಕೇ ಎತ್ತಿಕೊಂಡು ಹೋಗುತ್ತಿದ್ದರು. ಬಿಟ್ಟುಹೋದ 3,000 ಗರಜಿಲ್ಲದವರಿಗೆ ಹಂಚಿಕೆ. ಕೊನೆಯವರೆಗೆ ಕಾದವರಿಗೆ ಪೂರ್ತಿ ದುಡ್ಡು.

ಜುಲೈನಲ್ಲಿ ಏಸಿ ಕೆಟ್ಟ ಮನೆಯವರ ಸ್ಥಿತಿ ಇದೇ. ಮೆಷಿನ್‌ಗೆ ಒಂದು ಬೆಲೆ, ನಮ್ಮ ಗರಜಿಗೆ ಇನ್ನೊಂದು ಬೆಲೆ. ಮೊದಲನೆಯದನ್ನು ಹೇಗೂ ಕೊಡಲೇಬೇಕು. ಕಡಿಮೆ ಮಾಡಬಹುದಾದದ್ದು ಎರಡನೆಯದನ್ನು. ನಾನು ಹೇಳುವ ಬಜೆಟ್ಟು ಪೂರ್ತಿ ಅದರ ಸುತ್ತಲೇ.

ಮೊದಲು ಮೆಷಿನ್ ವಯಸ್ಸು ತಿಳಿದುಕೊಳ್ಳಿ

ಏಸಿ ಇದ್ದಕ್ಕಿದ್ದ ಹಾಗೆ ಕೆಟ್ಟಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆವು. ಸುಳ್ಳು. ಅದಕ್ಕೆ 17 ವರ್ಷವಾಗಿತ್ತು. ನಾವು ನೋಡಿರಲಿಲ್ಲ ಅಷ್ಟೆ.

ಇವತ್ತೇ ಹಿತ್ತಲಿಗೆ ಹೋಗಿ. ಹೊರಗಿನ ಯೂನಿಟ್‌ನ ಮೈಮೇಲೆ ಒಂದು ಲೇಬಲ್ ಇರುತ್ತದೆ. ಬಿಸಿಲಿಗೆ ಮಾಸಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆಯಿರಿ. ಅದರಲ್ಲಿ ಮೂರು ವಿಷಯ ಸಿಗುತ್ತವೆ. ಒಂದು, ತಯಾರಾದ ವರ್ಷ. ಕೆಲವು ಬ್ರಾಂಡ್‌ನವರು ನೇರವಾಗಿ ಬರೆದಿರುತ್ತಾರೆ, ಕೆಲವರು ಸೀರಿಯಲ್ ನಂಬರಿನ ಮೊದಲ ಅಂಕಿಗಳಲ್ಲಿ ಸೇರಿಸಿರುತ್ತಾರೆ. ಎರಡು, ಮಾಡೆಲ್ ನಂಬರಿನ ಮಧ್ಯೆ 036, 042, 048, 060 ತರಹದ ಒಂದು ಅಂಕಿ. ಅದನ್ನು 12ರಿಂದ ಭಾಗಿಸಿದರೆ ಎಷ್ಟು ಟನ್ ಅಂತ ಗೊತ್ತಾಗುತ್ತದೆ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು ಶಾಖ ಹೊರಹಾಕುವ ಶಕ್ತಿ, ಬಿಟಿಯು ಅನ್ನುವುದು ಶಾಖದ ಅಳತೆ. ನಮ್ಮದರಲ್ಲಿ 048 ಇತ್ತು, ಅಂದರೆ 4 ಟನ್. ಮೂರು, ತಂಪು ಮಾಡಲು ಒಳಗೆ ತುಂಬಿರುವ ಗ್ಯಾಸ್ ಯಾವುದು ಅನ್ನುವುದು.

ಈ ಮೂರನೆಯದೇ ನಮ್ಮ ಕುತ್ತಿಗೆಗೆ ಬಂದದ್ದು. ನಮ್ಮ ಮನೆ 2008ರದು, ಏಸಿಯಲ್ಲಿ ಇದ್ದದ್ದು ಆರ್-22. ಓಝೋನ್ ಪದರಕ್ಕೆ ಹಾನಿ ಅಂತ ಅಮೆರಿಕದಲ್ಲಿ 2020ರ ಜನವರಿ 1ರಿಂದ ಅದರ ತಯಾರಿಕೆಯನ್ನೂ ಆಮದನ್ನೂ ನಿಲ್ಲಿಸಿದ್ದಾರೆ. ಈಗ ಹಳೆ ದಾಸ್ತಾನು, ಹಳೆ ಮೆಷಿನ್‌ಗಳಿಂದ ತೆಗೆದು ಶುದ್ಧ ಮಾಡಿದ ಗ್ಯಾಸು ಮಾತ್ರ. ಬಂಗಾರದ ರೇಟು. ಆರ್-22 ಮೆಷಿನ್ ಇನ್ನೂ ಓಡುತ್ತಿದ್ದರೆ ಅದನ್ನು ಓಡುವ ಮೆಷಿನ್ ಅಂತ ಲೆಕ್ಕಕ್ಕೆ ತಗೋಬೇಡಿ. ಒಂದು ಸಣ್ಣ ತೂತು ಬಿದ್ದರೆ ಮುಗಿಯಿತು. ಆಮೇಲೆ ಬಂದ ಆರ್-410ಎ ಕೂಡ ಹಿಂದೆ ಸರಿಯುತ್ತಿದೆ. 2025ರಿಂದ ಮನೆಗಳಿಗಾಗಿ ತಯಾರಾಗುವ ಹೊಸ ಯೂನಿಟ್‌ಗಳು ಆರ್-454ಬಿ ಅಥವಾ ಆರ್-32ರ ಮೇಲೆ ಬರುತ್ತಿವೆ.

ಸಾಮಾನ್ಯವಾಗಿ ಏಸಿಗೆ 12ರಿಂದ 15 ವರ್ಷ, ಚಳಿಗಾಲದಲ್ಲಿ ಗ್ಯಾಸ್ ಉರಿಸಿ ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್‌ಗೆ 15ರಿಂದ 20 ವರ್ಷ ಆಯಸ್ಸು ಅಂತ ಇಟ್ಟುಕೊಳ್ಳಿ. ಟೆಕ್ಸಸ್‌ನಲ್ಲಿ ಏಸಿ ವರ್ಷಕ್ಕೆ ಏಳೆಂಟು ತಿಂಗಳು ದುಡಿಯುತ್ತದೆ, ಇಲ್ಲಿ 12 ಅನ್ನುವುದೇ ಸರಿ. ಮಿಷಿಗನ್ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ಇದು ಉಲ್ಟಾ, ಅಲ್ಲಿ ಸವೆಯುವುದು ಫರ್ನೇಸು.

ತಿಂಗಳಿಗೆ ಎಷ್ಟು ಎತ್ತಿಡಬೇಕು

ನಮ್ಮ ಮೇಲ್ಮಹಡಿಗೆ ಬೇರೆಯೇ ಯೂನಿಟ್ ಇದೆ, 3 ಟನ್. ಹಿಂದಿನ ಮಾಲೀಕರು ಅದನ್ನು 2015ರಲ್ಲಿ ಹೊಸದು ಹಾಕಿಸಿದ್ದರು. ಲೇಬಲ್ ನೋಡಿದ ಮೇಲೇ ಗೊತ್ತಾಗಿದ್ದು. ಅದಕ್ಕೆ ಹೀಗೆ ಲೆಕ್ಕ ಹಾಕಿದೆವು.

ಬದಲಿಸಲು ಈಗ ಎಷ್ಟಾಗಬಹುದು ಅಂತ ಕೆಳಮಹಡಿಗೆ ಕೆಲಸ ಮಾಡಿದವರನ್ನೇ ಕೇಳಿದೆ. ಸುಮಾರು 12,000 ಅಂದರು. ಇನ್ನು ಐದು ವರ್ಷ ಓಡುತ್ತದೆ ಅನ್ನುವುದು ನಮ್ಮ ಆಸೆ. ಅಷ್ಟರಲ್ಲಿ ಬೆಲೆ ವರ್ಷಕ್ಕೆ ನೂರಕ್ಕೆ 4ರ ಹಾಗೆ ಏರಿದರೆ 14,600 ಆಗುತ್ತದೆ. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 243. ನಾವು 250 ಇಡುತ್ತೇವೆ.

ಇದಕ್ಕೆ ಬೇರೆ ಉಳಿತಾಯ ಖಾತೆ ಮಾಡಿದ್ದೇವೆ. ಬ್ಯಾಂಕಿನ ಆ್ಯಪ್‌ನಲ್ಲಿ ಖಾತೆಗೆ ಹೆಸರಿಡಬಹುದು. ನಮ್ಮನೆಯವರು 'ಎಮರ್ಜೆನ್ಸಿ' ಅಂತ ಇಡೋಣ ಅಂದರು. ಬೇಡ ಅಂದೆ. ಎಮರ್ಜೆನ್ಸಿ ಅಂದರೆ ಊರಿಗೆ ದಿಢೀರ್ ಟಿಕೆಟ್ಟು, ಕೆಲಸ ಹೋಗೋದು, ಎಲ್ಲಾ ಬರುತ್ತದೆ. ಆ ದುಡ್ಡು ಯಾವತ್ತೂ ಏಸಿಗೆ ಉಳಿಯೋದಿಲ್ಲ. 'ಚೀಟಿ' ಅಂತ ಹೆಸರಿಟ್ಟೆ. ಸಂಬಳ ಬಂದ ಮರುದಿನವೇ 250 ತಾನಾಗಿ ಅಲ್ಲಿಗೆ ಹೋಗುತ್ತದೆ. ಚೀಟಿ ಕಟ್ಟೋದನ್ನು ಒಂದು ತಿಂಗಳು ತಪ್ಪಿಸಿದರೆ ಹತ್ತೊಂಬತ್ತು ಮಂದಿ ಮನೆ ಬಾಗಿಲಿಗೆ ಬರುತ್ತಿದ್ದರು. ಇಲ್ಲಿ ಬರೋರು ಯಾರೂ ಇಲ್ಲ, ಅದಕ್ಕೇ ಆಟೋಮ್ಯಾಟಿಕ್ ಮಾಡಿಬಿಡಿ.

ಮೆಷಿನ್‌ಗೆ ಆಗಲೇ 14 ವರ್ಷ ಆಗಿದ್ದು ಕೈಯಲ್ಲಿ ಏನೂ ಇಲ್ಲದಿದ್ದರೆ? ಪೂರ್ತಿ ಕೂಡಿಡಲು ಹೋಗಬೇಡಿ, ಆಗದ ಮಾತು. ಅರ್ಧದ ಗುರಿ ಇಟ್ಟುಕೊಳ್ಳಿ. ಅರ್ಧ ಕೈಯಲ್ಲಿದ್ದರೆ ಉಳಿದರ್ಧಕ್ಕೆ ಒಳ್ಳೆ ಬಡ್ಡಿಯ ಸಾಲ ಹುಡುಕುವ ಪುರುಸೊತ್ತು ಸಿಗುತ್ತದೆ.

ಕೆಟ್ಟ ದಿನ ಏನು ಮಾಡಬೇಕು

ಮೊದಲು ಬ್ರೇಕರ್ ನೋಡಿ. ಆಮೇಲೆ ಥರ್ಮೋಸ್ಟಾಟಿನ ಬ್ಯಾಟರಿ. ಆಮೇಲೆ ಫಿಲ್ಟರ್. ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಫಿಲ್ಟರ್ ಚಾಪೆಯ ಹಾಗೆ ದಪ್ಪವಾಗಿ ಕೂತು, ಗಾಳಿ ಆಡದೆ ಒಳಗೆ ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಮಂಜು ಕಟ್ಟಿತ್ತು. ಇಪ್ಪತ್ತು ಡಾಲರಿನಲ್ಲಿ ಮುಗಿಯಿತು.

ಹೊರಗಿನ ಯೂನಿಟ್ ಗುಂಯ್ ಅಂತಿದ್ದು ಫ್ಯಾನ್ ತಿರುಗದಿದ್ದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ. ಸಣ್ಣ ಡಬ್ಬಿಯಂಥ ಒಂದು ಭಾಗ, ಬಿಡಿಯಾಗಿ ಅಗ್ಗ. ಹಾಕಿಕೊಡೋರು ನೂರಿನ್ನೂರೋ ಅದಕ್ಕಿಂತ ಜಾಸ್ತಿಯೋ ಕೇಳಬಹುದು, ಆದರೂ ಹೊಸ ಮೆಷಿನ್ ಬೇಕಿಲ್ಲ. ನೀವೇ ಬಿಚ್ಚಲು ಮಾತ್ರ ಹೋಗಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ನಮ್ಮದು ಇದ್ಯಾವುದೂ ಅಲ್ಲ. ಭಾನುವಾರ ಬಂದ ಹುಡುಗ, ನೋಡಿದ್ದಕ್ಕೇ 89 ಡಾಲರ್, ಅಟ್ಟಕ್ಕೆ ಹತ್ತಿ ಇಪ್ಪತ್ತು ನಿಮಿಷದಲ್ಲಿ ಸ್ನಾನ ಮಾಡಿದವನ ಹಾಗೆ ಬೆವರಿ ಇಳಿದ. ಇಲ್ಲಿನ ಮನೆಗಳಲ್ಲಿ ಫರ್ನೇಸು, ಕಾಯಿಲು ಎಲ್ಲಾ ಅಟ್ಟದಲ್ಲೇ ಇರುತ್ತವೆ. ಕಾಯಿಲಿನಲ್ಲಿ ತೂತು, ಗ್ಯಾಸ್ ಸೋರಿ ಸೋರಿ ಕಡಿಮೆಯಾಗಿದೆ, ಮಂಜು ಕಟ್ಟಿ ಕರಗಿದ ನೀರು ತುಂಬಿ ಚೆಲ್ಲಿದೆ ಅಂದ. ಆಗ ಆ ಬಿಳಿ ಪೈಪಿನ ಗುಟ್ಟೂ ಗೊತ್ತಾಯಿತು. ಕಾಯಿಲಿನ ನೀರು ಮಾಮೂಲಿ ದಾರಿಯಲ್ಲಿ ಹೋಗದೆ ಚೆಲ್ಲಿದರೆ ಕೆಳಗಿರುವ ಇನ್ನೊಂದು ತಟ್ಟೆಗೆ ಬೀಳುತ್ತದೆ. ಆ ತಟ್ಟೆಯ ಪೈಪನ್ನು ಬೇಕಂತಲೇ ಕಿಟಕಿಯ ಮೇಲೆ ತಂದು ಬಿಡುತ್ತಾರೆ. ಮನೆಯವರ ಕಣ್ಣಿಗೆ ಬೀಳಲಿ, ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಲಿ ಅಂತ. ನಾವು ಅದಕ್ಕೆ ಕರಿಬೇವು ಇಟ್ಟೆವು.

ತೂತು ಹುಡುಕಲು 400, ಆರು ಪೌಂಡ್ ಆರ್-22 ತುಂಬಲು 1,080, ಒಟ್ಟು 1,480 ಅಂದ. ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳಿದ್ದಕ್ಕೆ ಭುಜ ಕುಣಿಸಿದ. ಈ ಕೆಲಸದವರಲ್ಲಿ ಒಂದು ಲೆಕ್ಕ ಇದೆ: ಮೆಷಿನ್ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ, 5,000 ದಾಟಿದರೆ ಬದಲಿಸಿ. ನಮ್ಮದು 25,000 ದಾಟಿತ್ತು, ಯೋಚನೆಯೇ ಬೇಕಿರಲಿಲ್ಲ. ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. 13 ವರ್ಷದ ಮೆಷಿನ್‌ಗೆ 400 ಡಾಲರಿನ ರಿಪೇರಿ ಬಂದರೂ ಅದು 5,200 ಅನ್ನುತ್ತದೆ. ನಾನಾದರೆ ಆ 400 ಕೊಟ್ಟು ಎರಡು ಬೇಸಿಗೆ ತಳ್ಳುತ್ತೇನೆ.

ಈಗ ನಾವು ಮಾಡಿದ ಒಂದೇ ಒಂದು ಜಾಣ ಕೆಲಸ ಹೇಳುತ್ತೇನೆ. ಭಾನುವಾರ ಸಂಜೆ 350 ಡಾಲರ್ ಕೊಟ್ಟು ಒಂದು ಪೋರ್ಟಬಲ್ ಏಸಿ ತಂದೆವು. ಚಕ್ರದ ಮೇಲೆ ನಿಲ್ಲುವ, ಕಿಟಕಿಗೆ ದಪ್ಪ ಕೊಳವೆ ಸಿಕ್ಕಿಸುವಂಥದ್ದು. ಕಿಟಕಿ ಏಸಿ ಇನ್ನೂ ಅಗ್ಗ, ಆದರೆ ನಮ್ಮ ಬಡಾವಣೆಯ ಸಂಘದವರು ಅದಕ್ಕೆ ಬಿಡುವುದಿಲ್ಲ. ಕೆಳಗಿನ ಒಂದು ರೂಮಿನಲ್ಲಿ ಅದನ್ನಿಟ್ಟು ಅಮ್ಮ, ಮಕ್ಕಳು, ನಾವು ಸಾಲಾಗಿ ಹಾಸಿಗೆ ಹಾಸಿಕೊಂಡು ಮದುವೆ ಮನೆಯ ಹಾಗೆ ಮಲಗಿದೆವು. ಮೇಲ್ಮಹಡಿಯ ಏಸಿ ಇತ್ತಲ್ಲ ಅನ್ನಬಹುದು. ಅಮ್ಮನ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಆ 350 ಡಾಲರಿಗೆ ನಮಗೆ ಸಿಕ್ಕಿದ್ದು ಒಂಬತ್ತು ದಿನ. ಒಂಬತ್ತು ದಿನ ಗರಜು ಇಲ್ಲದವರ ಹಾಗೆ ಕೂತು ಮಾತಾಡಿದೆವು.

ಚಳಿಯ ರಾಜ್ಯದಲ್ಲಿ ಜನವರಿಯಲ್ಲಿ ಫರ್ನೇಸ್ ಕೆಟ್ಟರೂ ಇದೇ ಉಪಾಯ. 1,500 ವಾಟ್‌ನ ಎರಡು ಸ್ಪೇಸ್ ಹೀಟರ್ ತಗೊಳ್ಳಿ. ಬೇರೆ ಬೇರೆ ಸರ್ಕೀಟಿಗೆ, ನೇರವಾಗಿ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ವೈರಿಗೆ ಬೇಡ. ಪೈಪು ಹೆಪ್ಪುಗಟ್ಟದ ಹಾಗೆ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡಿ. ಒಂದು ಮಾತು: ಫರ್ನೇಸಿನಲ್ಲಿ ಬೆಂಕಿಯ ಬಿಸಿಯನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಅಂತ ಹೇಳಿದರೆ ಅದನ್ನು ಮತ್ತೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೆ ಬರಬಹುದು. ಬಿರುಕಿನ ಫೋಟೋ ಕೇಳಿ, ಇನ್ನೊಬ್ಬರನ್ನು ಕರೆಸಿ ತೋರಿಸಿ. ಆದರೆ ಆರಿಸಿಟ್ಟೇ ಕರೆಸಿ.

ಮೂರು ಕೋಟ್, ಮೂರು ಪ್ರಪಂಚ

ಬದಲಿಸಲು ಎಷ್ಟಾಗುತ್ತದೆ ಅಂತ ಬೆಲೆ ಹೇಳುವುದಕ್ಕೆ ಇಲ್ಲಿ ಕೋಟ್ ಅನ್ನುತ್ತಾರೆ. ಮೂರು ಕಡೆಯವರನ್ನು ಕರೆಸಿದೆವು. ಮೊದಲು ಬಂದವರು ಟ್ಯಾಬ್ಲೆಟ್ ಹಿಡಿದು ಬಂದರು. ಮನೆ ಅಳೆಯಲಿಲ್ಲ, ಅಟ್ಟ ಹತ್ತಲಿಲ್ಲ. ಸೋಫಾ ಮೇಲೆ ಕೂತು "ಈ ಮನೆಗೆ 5 ಟನ್ ಬೇಕು" ಅಂದರು. 21,400. ಇವತ್ತೇ ಸಹಿ ಹಾಕಿದರೆ 19,900. ಹೊಸ ಗ್ಯಾಸ್ ಸಿಲಿಂಡರಿಗೆ ಎಲ್ಲೆಡೆ ಕೊರತೆ ಇದೆ, ನಾಳೆ ಈ ರೇಟು ಸಿಗಲ್ಲ ಅಂದರು. ಆ ಬೇಸಿಗೆ ಆರ್-454ಬಿಗೆ ಕೊರತೆ ಇದ್ದದ್ದು ನಿಜವೇ. ಆದರೆ ನಿಜವನ್ನೇ ಹೇಳಿ ಹೆದರಿಸುವ ವ್ಯಾಪಾರಿಗಳೂ ಇರುತ್ತಾರೆ. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟರು, ಕುಡಿದು ಹೋದರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಮ್ಮ ಬಾಗಿಲು ಹಾಕಿ ಬಂದು "ಈವಯ್ಯ ಸೀರೆ ಅಂಗಡಿಯೋನ ತರ ಮಾತಾಡ್ತಾನಲ್ಲೇ" ಅಂದರು.

ಎರಡನೆಯವರು ಒಂದೂವರೆ ಗಂಟೆ ಇದ್ದರು. ಕಿಟಕಿಗಳನ್ನು ಅಳೆದರು, ಅವು ಯಾವ ದಿಕ್ಕಿಗಿವೆ ಅಂತ ಬರೆದುಕೊಂಡರು, ಅಟ್ಟ ಹತ್ತಿ ಇನ್ಸುಲೇಷನ್ ಎಷ್ಟು ದಪ್ಪ ಇದೆ ಅಂತ ನೋಡಿದರು. ಮನೆಗೆ ಎಷ್ಟು ಟನ್ ಬೇಕು ಅನ್ನುವುದಕ್ಕೆ ಮ್ಯಾನ್ಯುಯಲ್ ಜೆ ಅನ್ನುವ ಲೆಕ್ಕ ಇದೆ. ಅದನ್ನು ಹಾಕಿ 4 ಟನ್ನೇ ಸಾಕು ಅಂದರು. ಬೇಕಾದ್ದಕ್ಕಿಂತ ದೊಡ್ಡದು ಹಾಕಿದರೆ ಬೇಗ ತಣ್ಣಗಾಗಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ಹೋಗುವುದಿಲ್ಲ, ಮೈ ಅಂಟಂಟಾಗುತ್ತದೆ. ಕಂಪ್ರೆಸರ್ ಪದೇ ಪದೇ ಹತ್ತಿ ಆರಿ ಬೇಗ ಸವೆಯುತ್ತದೆ. ಅವರ ಕೋಟ್ 14,600.

ಮೂರನೆಯದು 11,900. ಕಡಿಮೆ ಅಂತ ಖುಷಿಯಾಯಿತು. ಎರಡನೆಯ ಕೋಟ್ ಪಕ್ಕದಲ್ಲಿಟ್ಟು ಪೆನ್ನಲ್ಲಿ ಗುರುತು ಹಾಕುತ್ತಾ ಹೋದೆ. ಸಿಟಿ ಪರ್ಮಿಟ್ ಇರಲಿಲ್ಲ. ಫರ್ನೇಸ್ ಇರಲಿಲ್ಲ. ಕೆಳಗಿನ ತಟ್ಟೆ ಹಳೆಯದೇ. ಹಳೆ ಮೆಷಿನ್ ಸಾಗಿಸುವ ಖರ್ಚು ಬೇರೆ. ಎಲ್ಲಾ ಸೇರಿಸಿದರೆ ಎರಡನೆಯದಕ್ಕಿಂತ ಜಾಸ್ತಿಯೇ ಆಗುತ್ತಿತ್ತು.

ಫರ್ನೇಸ್ ಕೆಟ್ಟಿರಲಿಲ್ಲ, ಮತ್ತೆ ಯಾಕೆ ಬದಲಿಸಿದಿರಿ ಅಂತ ಸ್ನೇಹಿತರು ಕೇಳುತ್ತಾರೆ. ಹೊಸ ಗ್ಯಾಸಿಗೆ ಹಳೆ ಕಾಯಿಲ್ ಆಗುವುದಿಲ್ಲ, ಕಾಯಿಲ್ ಕೂರುವುದು ಫರ್ನೇಸಿನ ಪಕ್ಕಕ್ಕೇ. 17 ವರ್ಷದ ಫರ್ನೇಸನ್ನು ಹಾಗೇ ಬಿಟ್ಟು ಎರಡು ವರ್ಷಕ್ಕೆ ಮತ್ತೆ ಅದೇ ಜನರನ್ನು ಅಟ್ಟಕ್ಕೆ ಹತ್ತಿಸಿದರೆ ಕೂಲಿ ಎರಡು ಸಲ. ಹತ್ತು ವರ್ಷದ ಒಳಗಿನದಾಗಿದ್ದರೆ ಬಿಡುತ್ತಿದ್ದೆ.

ಹೀಟ್ ಪಂಪ್‌ಗೂ ಕೋಟ್ ಕೇಳಿದೆವು, 16,300 ಅಂದರು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡನ್ನೂ ಒಂದೇ ಮೆಷಿನ್ ಕೊಡುತ್ತದೆ. ಟೆಕ್ಸಸ್ಸಿನ ಚಳಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ನಮ್ಮನೆಯವರು, ಟೆಕ್ಸಸ್‌ನಲ್ಲಿ ದಿನಗಟ್ಟಲೆ ಕರೆಂಟ್ ಹೋಗಿದ್ದ 2021ರ ಫೆಬ್ರವರಿಯ ಹಿಮಗಾಳಿಯನ್ನು ನೆನೆಸಿಕೊಂಡು ಗ್ಯಾಸೇ ಇರಲಿ ಅಂದರು. ಕರೆಂಟ್ ಹೋದರೆ ಗ್ಯಾಸ್ ಫರ್ನೇಸಿನ ಫ್ಯಾನೂ ತಿರುಗಲ್ಲ ಅಂತ ಹೇಳಿದೆ. ಕೇಳಲಿಲ್ಲ. ಕೆಲವು ಖರ್ಚುಗಳನ್ನು ನೆನಪುಗಳು ತೀರ್ಮಾನ ಮಾಡುತ್ತವೆ, ಏನು ಮಾಡೋದು.

ಕೋಟ್ ಅನ್ನು ಯಾವಾಗಲೂ ಬರಹದಲ್ಲೇ ತಗೊಳ್ಳಿ. ಹೊರಗಿನ ಯೂನಿಟ್, ಕಾಯಿಲ್, ಫರ್ನೇಸ್ ಮೂರರದ್ದೂ ಮಾಡೆಲ್ ನಂಬರ್ ಇರಬೇಕು. ಸೀರ್2 ಎಷ್ಟು, ಪರ್ಮಿಟ್ ಸೇರಿದೆಯಾ, ಕೂಲಿಗೆ ಎಷ್ಟು ವರ್ಷದ ವಾರಂಟಿ, ನೀರಿನ ತಟ್ಟೆ ತುಂಬಿದರೆ ಮೆಷಿನ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಇದೆಯಾ ಅಂತ ಕೇಳಿ. ಆ ಸ್ವಿಚ್ ನಮ್ಮ ಹಳೆಯದರಲ್ಲಿ ಇರಲೇ ಇಲ್ಲ. ಟೆಕ್ಸಸ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಬೇಕು. ಟಿಎಸಿಎಲ್ ಅಂತ ಶುರುವಾಗುವ ನಂಬರ್ ಅವರ ಗಾಡಿಯ ಮೇಲೂ ಬಿಲ್ಲಿನ ಮೇಲೂ ಇರುತ್ತದೆ. ರಾಜ್ಯದ ಲೈಸೆನ್ಸಿಂಗ್ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಎರಡು ನಿಮಿಷದ ಕೆಲಸ.

ಸೀರ್2 ಅಂದರೆ ಎಷ್ಟು ಕರೆಂಟಿಗೆ ಎಷ್ಟು ತಂಪು ಅನ್ನುವ ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು, ದುಬಾರಿಯೂ ಹೌದು. ನಾವು 15ರ ಆಸುಪಾಸಿನದು ತಗೊಂಡೆವು. 17ರದ್ದಕ್ಕೆ 3,800 ಜಾಸ್ತಿ ಕೇಳಿದರು. ಕರೆಂಟ್ ಬಿಲ್ಲಿನಲ್ಲಿ ಅಷ್ಟು ವಾಪಸ್ ಬರುವ ಹೊತ್ತಿಗೆ ಮೆಷಿನ್ನೇ ಮುದಿಯಾಗಿರುತ್ತದೆ. ಹೊಸದು ಬಂದ ಮೇಲೆ ಸೆಪ್ಟೆಂಬರ್ ಬಿಲ್ಲು ಹಿಂದಿನ ಸೆಪ್ಟೆಂಬರಿಗಿಂತ 40 ಡಾಲರ್ ಕಡಿಮೆ ಬಂತು. ಸಂತೋಷವೇ. ಆದರೆ ಆ ಉಳಿತಾಯವನ್ನು ನಂಬಿ ಸಾಲ ಮಾಡಬೇಡಿ.

ಎರಡನೆಯವರ ಹತ್ತಿರ ಕೇಳಿದ ಒಂದು ಪ್ರಶ್ನೆಗೆ 700 ಇಳಿಯಿತು: "ನಿಮ್ಮ ಫೈನಾನ್ಸ್ ಬೇಡ ಅಂದರೆ ಎಷ್ಟು?" ಬಡ್ಡಿಯಿಲ್ಲದ ಸಾಲ ಕೊಡಿಸುವ ಕಾಂಟ್ರಾಕ್ಟರು ಸಾಲದ ಕಂಪನಿಗೆ ಒಂದು ಪಾಲು ಕಟ್ಟಿರುತ್ತಾರೆ. ಅದು ನಮ್ಮ ಕೋಟಿನೊಳಗೇ ಕೂತಿರುತ್ತದೆ. 13,900ಕ್ಕೆ ಬಂತು. ಕೆಲಸದ ದಿನ ಗಾಳಿ ಒಳಗೆಳೆಯುವ ಡಕ್ಟ್ ಚಿಕ್ಕದು, ದೊಡ್ಡದು ಮಾಡಬೇಕು ಅಂತ 650 ಸೇರಿತು. ಇಂಥದ್ದು ಒಂದಾದರೂ ಬಂದೇ ಬರುತ್ತದೆ. ಕೋಟಿನ ಮೇಲೆ ನೂರಕ್ಕೆ ಹತ್ತು ಜಾಸ್ತಿ ಇಟ್ಟುಕೊಂಡಿರಿ.

ದುಡ್ಡು ಎಲ್ಲಿಂದ ತರೋದು

ಮನೆ ಇನ್ಶೂರೆನ್ಸ್‌ನಿಂದ ಬರಲ್ಲ. ಹಳೆಯದಾಗಿ ಸವೆದದ್ದಕ್ಕೆ ಅವರು ಕೊಡುವುದಿಲ್ಲ. ಸಿಡಿಲು, ಆಲಿಕಲ್ಲು ಬಡಿದರೆ ಕೊಡಬಹುದು. ಆದರೆ ಇಲ್ಲಿ ಗಾಳಿ-ಆಲಿಕಲ್ಲಿನ ಡಿಡಕ್ಟಿಬಲ್ ಅನ್ನು, ಅಂದರೆ ಮೊದಲು ನಾವೇ ಹೊರಬೇಕಾದ ಪಾಲನ್ನು, ಮನೆಯ ವಿಮೆ ಮೊತ್ತದ ನೂರಕ್ಕೆ ಒಂದೋ ಎರಡೋ ಅಂತ ಇಟ್ಟಿರುತ್ತಾರೆ. 4,50,000ದ ಮನೆಗೆ ನೂರಕ್ಕೆ ಎರಡು ಅಂದರೆ 9,000 ನಮ್ಮ ಕೈಯಿಂದಲೇ.

ಹೋಮ್ ವಾರಂಟಿ ಅಂತ ಒಂದಿದೆ, ಮನೆಯ ಮೆಷಿನ್ ಕೆಟ್ಟರೆ ರಿಪೇರಿ ಮಾಡಿಸಿಕೊಡಲಿ ಅಂತ ವರ್ಷಕ್ಕಿಷ್ಟು ಕಟ್ಟುವುದು. ನಾವು ಎರಡು ವರ್ಷ ಕಟ್ಟಿ ಬಿಟ್ಟೆವು. ಒಂದು ಏಸಿಗೆ ಹೆಚ್ಚೆಂದರೆ ಇಷ್ಟೇ ಅನ್ನುವ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ. ಸರಿಯಾಗಿ ನಿರ್ವಹಣೆ ಮಾಡಿಲ್ಲ ಅಂತ ಇಲ್ಲ ಅನ್ನಲೂ ಬಹುದು. ಹಳೆ ಮನೆ ತಗೊಂಡ ಮೊದಲ ವರ್ಷಕ್ಕೆ, ಅದೂ ಮಾರುವವರೇ ಕೊಡಿಸಿದರೆ, ಸರಿ.

ಸರ್ಕಾರದ ತೆರಿಗೆ ರಿಯಾಯಿತಿ ಬಗ್ಗೆ ಇನ್ನೂ ಜನ ಹೇಳುತ್ತಿರುತ್ತಾರೆ. ಹೀಟ್ ಪಂಪ್‌ಗೆ 2,000 ಡಾಲರ್‌ವರೆಗೆ, ಏಸಿ-ಫರ್ನೇಸಿಗೆ ತಲಾ 600ರವರೆಗೆ ಸಿಗುತ್ತಿತ್ತು. 2025ರ ಡಿಸೆಂಬರ್ 31ಕ್ಕೆ ಅದು ಮುಗಿದಿದೆ. ಅದನ್ನು ಕಳೆದು ಬೆಲೆ ಹೇಳುವವರ ಕೋಟನ್ನು ಇನ್ನೊಮ್ಮೆ ಓದಿ. ಕರೆಂಟ್ ಕಂಪನಿಗಳ ಕಡೆಯಿಂದ ಏನಾದರೂ ರಿಬೇಟ್ ಇದ್ದರೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.

ಇನ್ನು ಸಾಲ. '18 ತಿಂಗಳು ಬಡ್ಡಿ ಇಲ್ಲ' ಅನ್ನುವುದರಲ್ಲಿ ಎರಡು ಜಾತಿ. ಒಂದು ನಿಜಕ್ಕೂ ಬಡ್ಡಿ ಇಲ್ಲದ್ದು. ಇನ್ನೊಂದು ಬಡ್ಡಿಯನ್ನು ಬದಿಗಿಟ್ಟು ಕಾಯುವಂಥದ್ದು. ಎರಡನೆಯದರಲ್ಲಿ 12,000 ಸಾಲ ತಗೊಂಡು 18ನೇ ತಿಂಗಳ ಕೊನೆಗೆ ಬರೀ 500 ಬಾಕಿ ಉಳಿಸಿಕೊಂಡಿರಿ ಅಂದುಕೊಳ್ಳಿ. ಬಡ್ಡಿ ಆ 500ಕ್ಕಲ್ಲ, ಮೊದಲ ದಿನದಿಂದ ಲೆಕ್ಕ. ದರ ನೂರಕ್ಕೆ 28 ಇದ್ದರೆ ಸುಮಾರು 2,600 ಡಾಲರ್ ಒಮ್ಮೆಗೇ ಬಂದು ಬೀಳುತ್ತದೆ. 'ಡಿಫರ್ಡ್ ಇಂಟರೆಸ್ಟ್' ಅನ್ನುವ ಮಾತು ಕಾಗದದಲ್ಲಿ ಕಂಡರೆ 12,000ವನ್ನು 17ರಿಂದ ಭಾಗಿಸಿ ಕಟ್ಟಿ, 18ರಿಂದ ಬೇಡ. ಆಗ ಒಂದು ತಿಂಗಳು ಮೊದಲೇ ಕೈತೊಳೆದುಕೊಳ್ಳಬಹುದು. ಅವರು ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಕಂತನ್ನಷ್ಟೇ ಕಟ್ಟಿಕೊಂಡು ಹೋದರೆ ಹೆಚ್ಚಾಗಿ ಅದು ತೀರುವುದೇ ಇಲ್ಲ.

ಮನೆಯ ಮೇಲೆ ಸಾಲ ತೆಗೆಯೋಣ ಅಂದುಕೊಂಡರೆ ಟೆಕ್ಸಸ್‌ನಲ್ಲಿ ಅದು ಅವಸರಕ್ಕೆ ಬರಲ್ಲ. ಇಲ್ಲಿನ ಕಾನೂನಿನ ಪ್ರಕಾರ ಅರ್ಜಿ ಕೊಟ್ಟು 12 ದಿನ ಕಾಯಲೇಬೇಕು. ಎಲ್ಲಾ ಸಾಲ ಸೇರಿ ಮನೆ ಬೆಲೆಯ ನೂರಕ್ಕೆ 80 ದಾಟುವಂತಿಲ್ಲ. ಬೇಕಾದಾಗ ಬೇಕಾದಷ್ಟು ತೆಗೆಯುವ ಸಾಲದ ಖಾತೆಯಿಂದಲೂ ಒಂದು ಸಲಕ್ಕೆ 4,000ಕ್ಕಿಂತ ಕಡಿಮೆ ತೆಗೆಯುವ ಹಾಗಿಲ್ಲ. ಮೆಷಿನ್ ಚೆನ್ನಾಗಿರುವಾಗಲೇ ಆ ಖಾತೆ ತೆರೆದಿಟ್ಟರೆ ಉಪಯೋಗ.

ನಾವು ಉಳಿತಾಯದಿಂದ 7,989 ತೆಗೆದೆವು. ಉಳಿದ 7,000ಕ್ಕೆ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ನಲ್ಲಿ ಸಾಲ, ನೂರಕ್ಕೆ 10.9ರ ಬಡ್ಡಿ, 24 ತಿಂಗಳು. ತಿಂಗಳಿಗೆ 326, ಒಟ್ಟು ಬಡ್ಡಿ 820ರ ಹತ್ತಿರ. ಉಳಿತಾಯ ಪೂರ್ತಿ ಬಳಿದು ಸಾಲ ಕಡಿಮೆ ಮಾಡಬಹುದಿತ್ತು. ಅಮ್ಮ ಇಲ್ಲಿದ್ದಾಗ ಕೈ ಖಾಲಿ ಇರಬಾರದು ಅನಿಸಿತು. ಆ ಧೈರ್ಯಕ್ಕೆ 820 ಕೊಟ್ಟೆ, ಬೇಜಾರಿಲ್ಲ.

ಪೂರ್ತಿ ದುಡ್ಡನ್ನು ಮೊದಲೇ ಕೊಡಬೇಡಿ. ನಾವು ಸಹಿ ಮಾಡಿದ ದಿನ 1,400 ಕೊಟ್ಟೆವು, ಸಿಟಿಯವರು ಬಂದು ನೋಡಿ ಒಪ್ಪಿದ ಮೇಲೆ ಉಳಿದದ್ದು. ಕಾರ್ಡಿನಲ್ಲಿ ಕೊಡುವುದಾದರೆ ನೂರಕ್ಕೆ ಮೂರು ಜಾಸ್ತಿ ಅಂದರು, ಚೆಕ್ ಬರೆದೆವು. ಮನೆಗೆ ಬಂದು ಸಹಿ ಹಾಕಿಸಿಕೊಂಡವರ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ಆದರೆ ತುರ್ತು ಅಂತ ನೀವೇ ಕರೆಸಿ, ಆ ಹಕ್ಕು ಬೇಡ ಅಂತ ಬರೆದುಕೊಟ್ಟರೆ ಇಲ್ಲ. ಸೆಕೆಗೆ ತಲೆ ಕೆಟ್ಟಿರುವಾಗ ಮುಂದೆ ಚಾಚುವ ಪ್ರತಿ ಹಾಳೆಯನ್ನೂ ಓದಿ.

ಹಾಕಿಸಿದ ಮೇಲೆ

ವಾರಂಟಿಯನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ. ಬಹಳಷ್ಟು ಬ್ರಾಂಡ್‌ಗಳು 60 ಅಥವಾ 90 ದಿನದೊಳಗೆ ನೋಂದಾಯಿಸಿದರೆ ಬಿಡಿಭಾಗಗಳಿಗೆ 10 ವರ್ಷ ಕೊಡುತ್ತವೆ, ಇಲ್ಲದಿದ್ದರೆ 5. ಕಾಂಟ್ರಾಕ್ಟರು ಮಾಡುತ್ತೇವೆ ಅಂದಿದ್ದರು, ಮರೆತಿದ್ದರು. 52ನೇ ದಿನ ನಾನೇ ಕೂತು ಮಾಡಿದೆ.

ಒಂದಿಂಚಿನ ಫಿಲ್ಟರ್ ಆದರೆ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಿ. ನಮ್ಮ ಮನೆಯಲ್ಲಿ ಒಗ್ಗರಣೆ ಜಾಸ್ತಿ, ಎರಡು ತಿಂಗಳಿಗೇ ಜಿಡ್ಡಾಗಿರುತ್ತದೆ. ನೀರಿನ ಪೈಪಿಗೆ ಆಗಾಗ ಒಂದು ಲೋಟ ಬಿಳಿ ವಿನೆಗರ್ ಹಾಕುತ್ತೇವೆ, ಒಳಗೆ ಪಾಚಿ ಕಟ್ಟಬಾರದು ಅಂತ.

ಈಗ ಮಾರ್ಚ್. ಚೀಟಿ ಖಾತೆಯಲ್ಲಿ ಏಳು ಕಂತು ಬಿದ್ದು 1,750 ಆಗಿದೆ. ಮೇಲ್ಮಹಡಿ ಏಸಿಯ ಪೈಪು ಹೊರಬರುವುದು ಮಗನ ರೂಮಿನ ಕಿಟಕಿಯ ಮೇಲೆ. ಗುರುವಾರ ಕಸದ ಡಬ್ಬಿ ರಸ್ತೆಗೆ ಎಳೆಯುವಾಗ ತಲೆಯೆತ್ತಿ ಅದನ್ನೊಮ್ಮೆ ನೋಡುತ್ತೇನೆ. ಇವತ್ತೂ ಒಣಗಿತ್ತು.